ಮೊದಲು ಹೇಳಿ, ಕೊಯ್ಯಬೇಕಾದ್ದು ಏನು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮೆಷಿನ್ ಬಗ್ಗೆ. ಬ್ಯಾಟರಿಯಲ್ಲಿ ಓಡುವ, ಉದ್ದನೆಯ ಬ್ಲೇಡ್ ಹಿಂದೆ ಮುಂದೆ ಆಡುವ ಗರಗಸ. ಅಂಗಡಿಯಲ್ಲಿ ರೆಸಿಪ್ರೊಕೇಟಿಂಗ್ ಸಾ ಅಂತಾರೆ, ಕೆಲವರು ಸೇಬರ್ ಸಾ ಅಂತಾರೆ, ಎರಡೂ ಒಂದೇ. ಮಳೆ ಶುರುವಾಗುವ ಮುಂಚೆ ಕೊಂಬೆ ಸವರುವ ಹೊತ್ತಲ್ವಾ, ಅದಕ್ಕೇ ಇಷ್ಟು ಪತ್ರ ಬಂದಿರಬೇಕು. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ. ಉಳಿದವರು ಅದನ್ನೂ ಓದಿಕೊಳ್ಳಿ, ಅಲ್ಲಿ ಬಾರದ್ದನ್ನು ಮಾತ್ರ ಮುಂದೆ ಬರೆದಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಾನು ನಿವೃತ್ತ ಶಿಕ್ಷಕ, ವಯಸ್ಸು 63. ಹಿತ್ತಲಲ್ಲಿ ಒಂದು ಮಾವು, ಒಂದು ಸೀಬೆ, ಎರಡು ನುಗ್ಗೆ ಮರ ಇವೆ. ಕೊಂಬೆ ಕಡಿಸಲು ಪ್ರತಿ ವರ್ಷ ಆಳು ಹುಡುಕುವುದೇ ದೊಡ್ಡ ಕೆಲಸ. ಹಳೇ ಜಿ.ಐ. ಪೈಪ್ ಲೈನ್ ಒಂದಿದೆ, ಅದನ್ನು ಕಿತ್ತು ಹಾಕಬೇಕು. ಮುರಿದ ಮಂಚ, ಹಳೇ ಬಾಗಿಲು ಕೂಡ ಬಿದ್ದಿವೆ. ಮಗ ಆನ್‌ಲೈನ್‌ನಲ್ಲಿ 48 ವೋಲ್ಟ್ ಅಂತ ಬರೆದಿರುವ ಗರಗಸ ತೋರಿಸುತ್ತಾನೆ, ಎರಡು ಬ್ಯಾಟರಿ, ಬ್ಲೇಡ್, ಪೆಟ್ಟಿಗೆ ಎಲ್ಲ ಸೇರಿ ಬಹಳ ಅಗ್ಗ. ಅಂಗಡಿಯವರು 18 ವೋಲ್ಟ್ ಮೆಷಿನ್ ತೋರಿಸಿ ಅದರ ಮೂರು ಪಟ್ಟು ಬೆಲೆ ಹೇಳುತ್ತಾರೆ, ಅದೂ ಬ್ಯಾಟರಿ ಇಲ್ಲದೆ. ಪಕ್ಕದ ಮನೆಯವರು ಪುಟ್ಟ ಚೈನ್ ಸಾ ತಗೊಳ್ಳಿ ಅಂತಾರೆ. ನನ್ನ ಹತ್ತಿರ ಈಗಾಗಲೇ ಒಂದು 18 ವೋಲ್ಟ್ ಡ್ರಿಲ್ ಇದೆ. ಯಾವುದು ಕೊಳ್ಳಲಿ?
- ಓದುಗರು, ಮೈಸೂರು

ಉತ್ತರ: ಮೇಷ್ಟ್ರೇ, ಕೊಯ್ಯಬೇಕಾದ್ದು ಏನೇನು ಅಂತ ನೀವು ಮೊದಲೇ ಬರೆದದ್ದು ತುಂಬಾ ಒಳ್ಳೆಯದಾಯಿತು. ಜಾಸ್ತಿ ಜನ ಮೆಷಿನ್ ಹೆಸರು ಬರೆದು ಇದು ಚೆನ್ನಾಗಿದೆಯಾ ಅಂತ ಕೇಳುತ್ತಾರೆ, ಯಾವ ಕೆಲಸಕ್ಕೆ ಅಂತ ಹೇಳುವುದೇ ಇಲ್ಲ. ನಿಮ್ಮದು ಹಸಿ ಕೊಂಬೆ, ಕಬ್ಬಿಣದ ಪೈಪ್, ಮೊಳೆ ಹೊಡೆದ ಹಳೇ ಮರ. ಮೂರನ್ನೂ ಒಂದೇ ಮೆಷಿನ್ ಕೊಯ್ಯಬೇಕು ಅಂದರೆ ಈ ಗರಗಸವೇ ಸರಿ, ಬ್ಲೇಡ್ ಬದಲಾಯಿಸುತ್ತಾ ಹೋದರಾಯಿತು. ಪಕ್ಕದ ಮನೆಯವರು ಹೇಳಿದ 4 ಇಂಚು, 6 ಇಂಚಿನ ಪುಟ್ಟ ಚೈನ್ ಸಾ ಹಸಿ ಕೊಂಬೆಗೆ ಇದಕ್ಕಿಂತ ಬೇಗ, ಆ ಮಾತು ನಿಜ. ಆದರೆ ಮರದಲ್ಲಿ ಒಂದು ಮೊಳೆ ಸಿಕ್ಕಿದರೆ ಚೈನಿನ ಹಲ್ಲು ಹೋಯಿತು. ಪೈಪಿಗೆ ಅದನ್ನು ತಾಗಿಸುವ ಹಾಗೇ ಇಲ್ಲ. ಚೈನಿಗೆ ಎಣ್ಣೆ ಹಾಕುತ್ತಿರಬೇಕು, ಸಡಿಲ ಆಗಿದೆಯಾ ಅಂತ ಆಗಾಗ ನೋಡುತ್ತಿರಬೇಕು. ಬರೀ ಕೊಂಬೆ ಕೆಲಸ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಇನ್ನು ಆ 48 ವೋಲ್ಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಇಲ್ಲೇ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಬ್ಯಾಟರಿ ಒಳಗಿರುವುದು ಲಿಥಿಯಂ ಸೆಲ್. ಒಂದೊಂದು ಸೆಲ್ಲಿಗೆ 3.6 ವೋಲ್ಟ್. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ 4.2 ವೋಲ್ಟ್ ತನಕ ಹೋಗುತ್ತದೆ, ಹಾಗಾಗಿ ಅದೇ ಐದು ಸೆಲ್ಲಿಗೆ ಕೆಲವರು 20 ಅಂತಲೂ ಕೆಲವರು 21 ಅಂತಲೂ ಬರೆಯುತ್ತಾರೆ. 18, 20, 21 ಮೂರೂ ಒಂದೇ ಶಕ್ತಿಯ ಬ್ಯಾಟರಿ, ಇಲ್ಲಿಯ ತನಕ ಮೋಸ ಇಲ್ಲ. ನಿಜವಾದ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ಲನ್ನಾದರೂ ಸಾಲಾಗಿ ಜೋಡಿಸಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅಷ್ಟು ಸೆಲ್ ಎಲ್ಲಿಂದ ಬರಬೇಕು? 88 ವೋಲ್ಟ್, 128 ವೋಲ್ಟ್ ಅಂತ ಬರೆದವೂ ಇವೆ. ಆ ಅಂಕಿ ಸ್ಟಿಕ್ಕರ್ ಮೇಲೆ ಮಾತ್ರ ಇರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ತಮ್ಮ ಇಂಥದ್ದೇ ಒಂದು ಸೆಟ್ ತರಿಸಿದ್ದ. ಸೀಬೆಯ ಎರಡು ಕೊಂಬೆ ಕೊಯ್ಯುವಷ್ಟರಲ್ಲಿ ಬ್ಯಾಟರಿ ಕೈ ಸುಡುವಷ್ಟು ಬಿಸಿಯಾಗಿ ನಿಂತುಹೋಯಿತು. ಬ್ಯಾಟರಿ ರಿಪೇರಿ ಮಾಡುವ ಪರಿಚಯದವರ ಹತ್ತಿರ ತೆಗೆದುಕೊಂಡು ಹೋದೆವು, ಅವರು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು. ಒಳಗೆ ಒಂದೇ ಸಾಲು, ಐದು ಸೆಲ್. ಇನ್ನೊಂದು ಸಾಲು ಕೂರಬೇಕಾದ ಜಾಗ ಪೂರ್ತಿ ಖಾಲಿ. ಹೊರಗೆ ಮಾತ್ರ ಹತ್ತು ಸೆಲ್ ಬ್ಯಾಟರಿಯಷ್ಟೇ ದಪ್ಪ. ನೀವು ಯಾವತ್ತೂ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬೇಡಿ, ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿ ಹತ್ತಿಕೊಳ್ಳುತ್ತದೆ. ಅದರ ಬದಲು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಈ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಸೆಲ್ ಸುಮಾರು 45 ಗ್ರಾಂ ಇರುತ್ತದೆ. ಹತ್ತು ಸೆಲ್ ಇರುವ 5 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಅನ್ನುವ ಅಳತೆ) ಬ್ಯಾಟರಿ ಹೊರಕವಚ ಸೇರಿ 600 ಗ್ರಾಂ ಆಸುಪಾಸು ಬರಬೇಕು. ಅದರ ಅರ್ಧ ತೂಗಿದರೆ ಅನುಮಾನ ಪಡಿ.

ನಿಮ್ಮ ಹತ್ತಿರ 18 ವೋಲ್ಟ್ ಡ್ರಿಲ್ ಇದೆ ಅಂದಿರಿ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅದೇ ಕಂಪನಿಯ, ಅದೇ ಬ್ಯಾಟರಿ ಕೂರುವ ಗರಗಸವನ್ನು ಬ್ಯಾಟರಿ ಇಲ್ಲದೆ ಕೊಳ್ಳಿ. ಅಂಗಡಿಯಲ್ಲಿ ಸೋಲೋ ಅಂತಲೋ ಬೇರ್ ಟೂಲ್ ಅಂತಲೋ ಕೇಳಿ. ಅಂಗಡಿಯವರು ಹೇಳಿದ್ದು ಆ ಬೆಲೆಯೇ ಇರಬೇಕು. ಒಂದು ಎಚ್ಚರಿಕೆ ಮಾತ್ರ: ವೋಲ್ಟ್ ಒಂದೇ ಇದ್ದ ಮಾತ್ರಕ್ಕೆ ಬ್ಯಾಟರಿ ಕೂರುತ್ತದೆ ಅಂತಲ್ಲ. ಬಾಷ್‌ನ ನೀಲಿ ಬಣ್ಣದ ಮೆಷಿನ್‌ಗಳ 18 ವೋಲ್ಟ್ ಬ್ಯಾಟರಿ ಅದರ ಹಸಿರು ಬಣ್ಣದ ಮನೆಬಳಕೆ ಮೆಷಿನ್‌ಗಳಿಗೆ ಕೂರುವುದಿಲ್ಲ. ಮಕಿಟಾದ 18 ವೋಲ್ಟ್ ಬ್ಯಾಟರಿ ಅದೇ ಕಂಪನಿಯ 40 ವೋಲ್ಟ್ ಮೆಷಿನ್‌ಗೆ ಹೋಗುವುದಿಲ್ಲ. ಡ್ರಿಲ್ ಬ್ಯಾಟರಿಯನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಅಲ್ಲೇ ಗರಗಸಕ್ಕೆ ಹಾಕಿ ಕ್ಲಿಕ್ ಅಂತ ಕೂತಿತಾ ನೋಡಿ.

ಡ್ರಿಲ್ ಜೊತೆ ಬಂದ ಬ್ಯಾಟರಿ 1.5 ಅಥವಾ 2 ಆಂಪಿಯರ್ ಅವರ್ ಇರಬಹುದು. ಗರಗಸಕ್ಕೆ ಅದು ಸಾಲದು. ಓಡುವುದೇನೋ ಓಡುತ್ತದೆ, ಆದರೆ ಡ್ರಿಲ್ಲಿಗೆ ಬೇಕಾದ್ದು ಒಂದು ಕ್ಷಣದ ಬಲ, ಗರಗಸಕ್ಕೆ ಬೇಕಾದ್ದು ನಿಮಿಷಗಟ್ಟಲೆ ಎಡೆಬಿಡದ ಬಲ, ಐದೇ ಸೆಲ್ ಇರುವ ಸಣ್ಣ ಬ್ಯಾಟರಿ ಅಷ್ಟನ್ನು ಕೊಡುವಾಗ ಬಿಸಿಯಾಗಿ ಸೋತುಹೋಗುತ್ತದೆ. 4 ಅಥವಾ 5 ಆಂಪಿಯರ್ ಅವರ್‌ನದು ಒಂದು ಬೇರೆ ತೆಗೆದುಕೊಳ್ಳಿ. ಡ್ರಿಲ್ಲಿಗೂ ಅದೇ ಆಗುತ್ತದೆ.

ಈಗ ಮೆಷಿನ್. ಪೆಟ್ಟಿಗೆ ಮೇಲೆ ಹತ್ತು ಅಂಕಿ ಬರೆದಿರುತ್ತಾರೆ, ನೀವು ನೋಡಬೇಕಾದ್ದು ಸ್ಟ್ರೋಕ್. ಅಂದರೆ ಬ್ಲೇಡ್ ಒಂದು ಸಲಕ್ಕೆ ಎಷ್ಟು ದೂರ ಹಿಂದೆ ಮುಂದೆ ಹೋಗುತ್ತದೆ ಅನ್ನುವುದು. ಮಕಿಟಾ ಡಿಜೆಆರ್ 186ರಲ್ಲಿ ಅದು 32 ಮಿಲಿಮೀಟರ್, ನಿಮಿಷಕ್ಕೆ 2800 ಸಲ. ಡಿವಾಲ್ಟ್ ಡಿಸಿಎಸ್ 367ರಲ್ಲಿ 28.6 ಮಿಲಿಮೀಟರ್, ನಿಮಿಷಕ್ಕೆ 2900 ಸಲ. ಬಾಷ್‌ನವರು ಹೆಸರಿನಲ್ಲೇ ಹೇಳಿಬಿಡುತ್ತಾರೆ: ಜಿಎಸ್‌ಎ 12ವಿ-14 ಅಂದರೆ 12 ವೋಲ್ಟ್, 14 ಮಿಲಿಮೀಟರ್ ಸ್ಟ್ರೋಕ್. ಜಿಎಸ್‌ಎ 18ವಿ-32 ಅಂದರೆ ಏನು ಅಂತ ನಿಮಗೇ ಗೊತ್ತಾಯಿತು. ಸ್ಟ್ರೋಕ್ ಯಾಕೆ ಮುಖ್ಯ ಅಂದರೆ, ನಾಲ್ಕು ಇಂಚು ದಪ್ಪದ ಮಾವಿನ ಕೊಂಬೆಯ ಒಳಗೆ ಬ್ಲೇಡ್ ಬರೀ 14 ಮಿಲಿಮೀಟರ್ ಆಡಿದರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಹಸಿ ಪುಡಿ ಹೊರಗೆ ಬೀಳಲು ದಾರಿಯೇ ಇರುವುದಿಲ್ಲ. ಪುಡಿ ಅಲ್ಲೇ ತುಂಬಿಕೊಂಡು ಬ್ಲೇಡ್ ಸುಮ್ನೆ ಉಜ್ಜುತ್ತಾ ಇರುತ್ತದೆ. ಸ್ಟ್ರೋಕ್ ಉದ್ದ ಇದ್ದಷ್ಟೂ ಪುಡಿ ಹೊರಗೆ ಎಳೆದು ಹಾಕುತ್ತದೆ, ಬೇಗ ಕೊಯ್ಯುತ್ತದೆ.

ಆದರೆ ನಿಮ್ಮ ವಯಸ್ಸನ್ನೂ ಬರೆದಿದ್ದೀರಿ, ಅದನ್ನು ಬಿಟ್ಟು ನಾನು ಮಾತಾಡಬಾರದು. 32 ಮಿಲಿಮೀಟರ್ ಸ್ಟ್ರೋಕಿನ ದೊಡ್ಡ ಮೆಷಿನ್ ಬ್ಯಾಟರಿ ಸೇರಿ ಮೂರೂವರೆ ಕಿಲೋ ದಾಟುತ್ತದೆ. ಅಂಗಡಿಯಲ್ಲಿ ಎತ್ತಿದರೆ ಏನೂ ಅನಿಸುವುದಿಲ್ಲ. ಎದೆ ಮಟ್ಟದಲ್ಲಿ ಎರಡೂ ಕೈ ಚಾಚಿ ಐದು ನಿಮಿಷ ಹಿಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ. ಭುಜ ನಡುಗಿದರೆ ಚಿಕ್ಕ ಬಾಡಿಯ, ಅಂದರೆ ಕಾಂಪ್ಯಾಕ್ಟ್ 18 ವೋಲ್ಟ್ ಮೆಷಿನ್ ತೆಗೆದುಕೊಳ್ಳಿ. ಕೆಲಸ ಸ್ವಲ್ಪ ನಿಧಾನ ಆದರೂ ಕೈ ನಿಮ್ಮ ಹಿಡಿತದಲ್ಲಿ ಇರುತ್ತದೆ. 12 ವೋಲ್ಟಿನದು ನಿಮ್ಮ ಸೀಬೆಗೂ ನುಗ್ಗೆಗೂ ಸಾಕು, ಮಾವಿನ ದಪ್ಪ ಕೊಂಬೆಗೆ ಸೋಲುತ್ತದೆ, ಮತ್ತೆ ನಿಮ್ಮ ಡ್ರಿಲ್ ಬ್ಯಾಟರಿ ಅದಕ್ಕೆ ಕೂರುವುದೂ ಇಲ್ಲ. ಹಾಗಾಗಿ ಅದು ಬೇಡ.

ಟ್ರಿಗ್ಗರ್ ಒತ್ತಿದಷ್ಟೂ ವೇಗ ಏರುವಂತೆ ಇರಬೇಕು, ಬರೀ ಆನ್ ಮತ್ತು ಆಫ್ ಇರುವುದು ಬೇಡ. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬ್ಲೇಡ್ ಬದಲಾಯಿಸುವಂತೆ ಇರಬೇಕು. ಬ್ರಶ್‌ಲೆಸ್ ಮೋಟಾರ್ ಇದ್ದರೆ ಒಂದೇ ಚಾರ್ಜಿಗೆ ಜಾಸ್ತಿ ಹೊತ್ತು ಬರುತ್ತದೆ, ಇಲ್ಲದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಕಾರ್ಬನ್ ಬ್ರಶ್ ಇರುವ ಮೋಟಾರನ್ನು ಯಾವ ಊರಲ್ಲಾದರೂ ಸರಿ ಮಾಡಿಕೊಡುತ್ತಾರೆ.

ತಂದ ಮೇಲೆ ಮೊದಲ ದಿನವೇ ಮಾವಿಗೆ ಕೈ ಹಾಕಬೇಡಿ, ಮುರಿದ ಮಂಚದ ಮೇಲೆ ಅಭ್ಯಾಸ ಮಾಡಿ. ಬ್ಲೇಡ್ ಹೊರಬರುವ ಕಡೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಅದಕ್ಕೆ ಶೂ ಅಂತಾರೆ. ಆ ಶೂ ಮರಕ್ಕೆ ಗಟ್ಟಿಯಾಗಿ ತಾಗಿರಬೇಕು, ಯಾವಾಗಲೂ. ಅದು ತಾಗದಿದ್ದರೆ ಬ್ಲೇಡ್ ಕೊಯ್ಯುವ ಬದಲು ಇಡೀ ಕೊಂಬೆಯನ್ನೂ ನಿಮ್ಮ ಕೈಯನ್ನೂ ಅಲ್ಲಾಡಿಸುತ್ತದೆ.

ಮಾವಿನ ಕೊಂಬೆಗೆ ಮೂರು ಕೊಯ್ತ ಹಾಕಬೇಕು. ಕಾಂಡದಿಂದ ಒಂದಡಿ ಆಚೆ, ಮೊದಲು ಕೆಳಗಿನಿಂದ ಮೇಲಕ್ಕೆ, ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು. ಆಮೇಲೆ ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಕೊಯ್ಯಿರಿ. ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ, ತೊಗಟೆ ಕಾಂಡದ ತನಕ ಸೀಳಿಕೊಂಡು ಹೋಗುವುದಿಲ್ಲ. ಉಳಿದ ಮೋಟನ್ನು ಕೊನೆಗೆ ಬುಡದಲ್ಲಿರುವ ಉಬ್ಬಿನ ಪಕ್ಕಕ್ಕೆ ಕೊಯ್ಯಿರಿ, ಉಬ್ಬನ್ನು ಮಾತ್ರ ಮುಟ್ಟಬೇಡಿ, ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮುಲಾಮು ಹಚ್ಚಿ. ಮಾವಿನ ಸೊನೆ ಬ್ಲೇಡಿಗೆ ಅಂಟಿ ಕಪ್ಪಗೆ ಗಟ್ಟಿಯಾಗುತ್ತದೆ, ಕೆಲಸ ಮುಗಿದ ತಕ್ಷಣ ಬ್ಯಾಟರಿ ತೆಗೆದಿಟ್ಟು ಬ್ಲೇಡ್ ಬಿಚ್ಚಿ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಸೊನೆ ಚರ್ಮಕ್ಕೂ ಒಳ್ಳೆಯದಲ್ಲ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಏಣಿ ಹತ್ತಿ ಈ ಮೆಷಿನ್ ಹಿಡಿಯಲೇಬೇಡಿ ಮೇಷ್ಟ್ರೇ. ನೆಲದ ಮೇಲೆ ನಿಂತು ಕೈಗೆ ಎಟುಕುವಷ್ಟು ಮಾತ್ರ ನಿಮ್ಮದು, ಅದಕ್ಕಿಂತ ಮೇಲಿನದಕ್ಕೆ ಆಳನ್ನೇ ಕರೆಸಿ. ಕೊಂಬೆ ಕರೆಂಟ್ ತಂತಿ ಹತ್ತಿರ ಇದ್ದರೆ 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿಗೆ ಹೇಳಿ, ಅವರು ಲೈನ್ ಆಫ್ ಮಾಡದೆ ಯಾರೂ ಮುಟ್ಟಬಾರದು.

ಪ್ರಶ್ನೆ: ಸರ್, ನಾನು ಹೋದ ತಿಂಗಳು ಒಂದು ಒಳ್ಳೆ ಕಂಪನಿಯ 18 ವೋಲ್ಟ್ ಗರಗಸ ತಂದೆ. ಹಳೇ ಕಿಟಕಿಯ ಕಬ್ಬಿಣದ ಸರಳು ಕೊಯ್ಯಲು ಹೋಗಿ ನಾಲ್ಕು ಬ್ಲೇಡ್ ಹಾಳಾದವು. ಎರಡು ಮುರಿದವು, ಎರಡಕ್ಕೆ ಹಲ್ಲೇ ಇಲ್ಲ. ಮೆಷಿನ್ ಸರಿ ಇಲ್ಲವೋ, ನನ್ನ ಕೈ ಸರಿ ಇಲ್ಲವೋ?
- ಓದುಗರು, ಹುಬ್ಬಳ್ಳಿ. ಮೆಷಿನ್ ತಂದ ಮೇಲೆ ಮನೆಯವರೆಲ್ಲ ನನ್ನನ್ನು ಗೌಂಡಿ ಅಂತ ಕರೆಯುತ್ತಿದ್ದಾರೆ!

ಉತ್ತರ: ಅಕ್ಕ, ಎರಡೂ ಸರಿ ಇವೆ, ಬ್ಲೇಡ್ ತಪ್ಪು. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದೊಂದು ಹಲ್ಲೂ ಅಕ್ಕಿ ಕಾಳಿನಷ್ಟು ದಪ್ಪ, ನಡುವೆ ದೊಡ್ಡ ಸಂದಿ, ತುದಿಯಲ್ಲಿ ಮೂರು ಹಲ್ಲು ಮಾತ್ರ ಉಳಿದಿವೆ, ಅವುಗಳ ಪಕ್ಕ ಉಕ್ಕು ನೀಲಿಗೆ ತಿರುಗಿದೆ. ಆ ನೀಲಿ ಬಣ್ಣ ಬಿಸಿಗೆ ಬಂದದ್ದು. ಇದು ಮರದ ಬ್ಲೇಡ್, ಇಂಚಿಗೆ 6 ಹಲ್ಲಿನದು.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಕೊಯ್ಯುವ ವಸ್ತುವಿನ ದಪ್ಪದಲ್ಲಿ ಯಾವಾಗಲೂ ಮೂರು ಹಲ್ಲಾದರೂ ಒಟ್ಟಿಗೆ ಕೂತಿರಬೇಕು. ಅದಕ್ಕಿಂತ ಕಡಿಮೆ ಆದರೆ ಲೋಹದ ಅಂಚು ಎರಡು ಹಲ್ಲಿನ ಸಂದಿಗೆ ಇಳಿದು ಹಲ್ಲನ್ನೇ ಕಿತ್ತು ಹಾಕುತ್ತದೆ. ಇಂಚಿಗೆ 6 ಹಲ್ಲು ಅಂದರೆ ಎರಡು ಹಲ್ಲಿನ ನಡುವೆ ನಾಲ್ಕು ಮಿಲಿಮೀಟರ್‌ಗಿಂತ ಜಾಸ್ತಿ. ನಿಮ್ಮ 12 ಮಿಲಿಮೀಟರ್ ಸರಳಿನಲ್ಲಿ ಎರಡೋ ಮೂರೋ ಹಲ್ಲು ಕೂರುತ್ತವೆ, ಸರಳು ಗುಂಡಗಿರುವುದರಿಂದ ಶುರುವಿನಲ್ಲಿ ಒಂದೇ. ಇಂಚಿಗೆ 14 ಹಲ್ಲಿನದು ಹಾಕಿದರೆ ಆರು ಹಲ್ಲು ಒಟ್ಟಿಗೆ ಕೆಲಸ ಮಾಡುತ್ತವೆ. ಪಾಕೀಟಿನ ಮೇಲೆ ಟಿಪಿಐ ಅಂತ ಬರೆದಿರುತ್ತದೆ, ಅದೇ ಈ ಹಲ್ಲಿನ ಲೆಕ್ಕ. ಗಟ್ಟಿ ಸರಳಿಗೆ 14, ಪೈಪಿಗೆ 18, ತೆಳು ತಗಡಿಗೆ 24. ಹಸಿ ಮರಕ್ಕೆ 5 ಅಥವಾ 6, ಮೊಳೆ ಇರುವ ಮರಕ್ಕೆ 10. ಬಾಷ್‌ನ ಎಸ್ 1531 ಎಲ್ ಅನ್ನುವ 240 ಮಿಲಿಮೀಟರ್ ಬ್ಲೇಡ್ ಹಸಿ ಕೊಂಬೆಗೆ ಮಾಡಿದ್ದು, ಎಸ್ 922 ಎಚ್‌ಎಫ್ ಅನ್ನುವ 150 ಮಿಲಿಮೀಟರಿನದು ಮರ ಮತ್ತು ಲೋಹ ಎರಡಕ್ಕೂ. ಬೇರೆ ಕಂಪನಿಯ ಬ್ಲೇಡ್ ಕೂಡ ನಿಮ್ಮ ಮೆಷಿನ್‌ಗೆ ಕೂರುತ್ತದೆ, ಈ ಗರಗಸಗಳ ಬ್ಲೇಡಿನ ಬುಡ ಎಲ್ಲ ಕಂಪನಿಯದೂ ಒಂದೇ ಅಳತೆ. ಜಿಗ್ ಸಾ ಬ್ಲೇಡ್ ಮಾತ್ರ ಬೇರೆ, ಅದನ್ನು ಇದೇ ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ.

ಕಬ್ಬಿಣಕ್ಕೆ ಬೈ-ಮೆಟಲ್ ಅಂತ ಬರೆದ ಬ್ಲೇಡೇ ಬೇಕು. ಅದರ ಬೆನ್ನು ಬಾಗುವ ಉಕ್ಕು, ಹಲ್ಲು ಗಟ್ಟಿ ಉಕ್ಕು, ಎರಡನ್ನೂ ಬೆಸೆದಿರುತ್ತಾರೆ. ಬಾಗಿದರೂ ಮುರಿಯುವುದಿಲ್ಲ, ಸ್ವಲ್ಪ ಬಾಗಿದ್ದನ್ನು ಬಿಚ್ಚಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿಕೊಳ್ಳಬಹುದು. ಮುರಿದ ಎರಡರ ವಿಷಯಕ್ಕೆ ಬಂದರೆ, ಬ್ಲೇಡ್ ಉದ್ದ ಜಾಸ್ತಿಯಾಗಿ ತುದಿ ಕಿಟಕಿಯ ಆಚೆ ಗೋಡೆಗೆ ಗುದ್ದಿರಬೇಕು. ಗುದ್ದಿದಾಗ ಮೆಷಿನ್ ಹಿಂದಕ್ಕೆ ಒದೆಯುತ್ತದೆ, ಬ್ಲೇಡ್ ಮುರಿಯುತ್ತದೆ. ಸರಳಿಗೆ 150 ಮಿಲಿಮೀಟರಿನದು ಸಾಕು. ವೇಗ ಕಡಿಮೆ ಇಡಿ, ಟ್ರಿಗ್ಗರ್ ಅರ್ಧ ಮಾತ್ರ ಒತ್ತಿ, ಕೊಯ್ಯುವ ಜಾಗಕ್ಕೆ ಎರಡು ಹನಿ ಎಣ್ಣೆ ಬಿಡಿ. ಮೆಷಿನ್‌ನಲ್ಲಿ ಆರ್ಬಿಟಲ್ ಅನ್ನುವ, ಬ್ಲೇಡನ್ನು ಸ್ವಲ್ಪ ಮೇಲೆ ಕೆಳಗೂ ಆಡಿಸುವ ಗುಂಡಿ ಇದ್ದರೆ ಕಬ್ಬಿಣಕ್ಕೆ ಅದನ್ನು ಆಫ್ ಮಾಡಿ, ಅದು ಮರಕ್ಕೆ. ಸದ್ದು ಕಿರುಚಿದ ಹಾಗೆ ಬಂದರೆ ವೇಗ ಜಾಸ್ತಿ ಆಗಿದೆ ಅಂತ ಅರ್ಥ. ಸರಿಯಾದ ವೇಗದಲ್ಲಿ ಸದ್ದು ದಪ್ಪಗೆ, ಒಂದೇ ಸಮ ಇರುತ್ತದೆ, ಕಬ್ಬಿಣದ ಪುಡಿ ಕರಿಮೆಣಸಿನ ಪುಡಿ ಹಾಗೆ ಕೆಳಗೆ ಉದುರುತ್ತದೆ.

ಮನೆಯವರು ಗೌಂಡಿ ಅಂತ ಕರೆಯಲಿ ಬಿಡಿ. ಕಿಟಕಿ ಬಿಚ್ಚಿ ಮುಗಿಸಿದ ಮೇಲೆ ಅದರ ಫೋಟೋನೂ ಕಳಿಸಿ, ನೋಡಲು ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮದು ಎರಡೂವರೆ ಎಕರೆ ಕಾಫಿ, ಸ್ವಲ್ಪ ಅಡಿಕೆ. ಪೆಟ್ರೋಲ್ ಚೈನ್ ಸಾ ಸ್ಟಾರ್ಟ್ ಮಾಡಿ ಮಾಡಿ ತೋಳು ನೋಯುತ್ತದೆ. ಮರಗಸಿಗೂ (ತೋಟದ ನೆರಳಿನ ಮರಗಳ ಕೊಂಬೆ ಸವರಲಿಕ್ಕೂ) ಬಿದ್ದ ಮರ ತುಂಡು ಮಾಡಲಿಕ್ಕೂ ಈ ಬ್ಯಾಟರಿ ಗರಗಸ ಸಾಕೇ?
- ಓದುಗರು, ಮೂಡಿಗೆರೆ

ಉತ್ತರ: ಸಾಲದು. ಚೈನ್ ಸಾ ಮಾರಬೇಡಿ. ಬ್ಯಾಟರಿ ಗರಗಸ ನಾಲ್ಕೈದು ಇಂಚಿನ ಕೊಂಬೆ ತನಕ ಚೆನ್ನಾಗಿ ಕೊಯ್ಯುತ್ತದೆ, ಅದಕ್ಕಿಂತ ದಪ್ಪ ಆದರೆ ಬ್ಲೇಡ್ ಉದ್ದವೂ ಸಾಲುವುದಿಲ್ಲ, ಬ್ಯಾಟರಿಯೂ ಬಾಳುವುದಿಲ್ಲ. ಅದು ಕೈಗೆ ಒದಗುವುದು ಬೇರೆ ಕಡೆ. ಗಾಳಿಗೆ ಕೊಂಬೆ ಮುರಿದು ದಾರಿಗೆ ಬಿದ್ದಾಗ, ಗಿಡದ ಬುಡದಲ್ಲಿ ಒಣಗಿದ ರೆಂಬೆ ತೆಗೆಯುವಾಗ, ಸ್ಪ್ರಿಂಕ್ಲರ್ ಪೈಪ್ ಕೊಯ್ದು ಜೋಡಿಸುವಾಗ. ಅಡಿಕೆ ಮರ ದಬ್ಬೆಗೆ ತುಂಡು ಮಾಡಲು 12 ಇಂಚಿನ ಬ್ಲೇಡ್ ಹಾಕಿದರೆ ಆಗುತ್ತದೆ, ಆದರೆ ಅಡಿಕೆ, ತೆಂಗಿನ ನಾರು ಹಲ್ಲನ್ನು ಬಹಳ ಬೇಗ ಮೊಂಡು ಮಾಡುತ್ತದೆ, ಬ್ಲೇಡ್ ಜಾಸ್ತಿ ಇಟ್ಟುಕೊಂಡಿರಿ.

ಮರಗಸಿಗೆ ಇದನ್ನು ಮರದ ಮೇಲೆ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮೆಷಿನ್‌ಗೆ ಎರಡು ಕೈ ಬೇಕು, ಮರ ಹಿಡಿಯಲು ಒಂದು ಕೈ ಬೇಕು, ಹತ್ತಿದವನಿಗೆ ಮೂರು ಕೈ ಇಲ್ಲ. ಮೇಲೆ ಕತ್ತಿಯಲ್ಲಿ ಸವರುವುದು ಅಭ್ಯಾಸ ಇರುವವರಿಗೆ ಅದೇ ಇರಲಿ, ಸೊಂಟಕ್ಕೆ ಹಗ್ಗ ಕಟ್ಟದೆ ಹತ್ತಿಸಬೇಡಿ.

ಇನ್ನೊಂದು. ಇಡೀ ಮರ ಕಡಿಯುವ ಯೋಚನೆ ಇದ್ದರೆ, ಮರ ನಿಮ್ಮ ಜಮೀನಿನಲ್ಲೇ ಇದ್ದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ ಇಂಥ ಕೆಲವಕ್ಕೆ ವಿನಾಯಿತಿ ಇದೆ. ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ಇಲ್ಲಿ ಎಲ್ಲರ ಗ್ಯಾರೇಜಿನಲ್ಲೂ ಈ ಗರಗಸ ಇದೆ. ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಅಪ್ಪನಿಗೆ ಡಿವಾಲ್ಟ್ 20 ವೋಲ್ಟಿನದು ಒಂದು ತರೋಣ ಅಂತ ಇದ್ದೇನೆ. ತರಬಹುದೇ?

ಉತ್ತರ: ತರಬಹುದು, ಆದರೆ ಚಾರ್ಜರ್ ತರಬೇಡಿ. ಅಲ್ಲಿಯ ಮನೆ ಕರೆಂಟ್ 120 ವೋಲ್ಟ್, ಇಲ್ಲಿ 230. ಅಲ್ಲಿ ಮಾರುವ ಚಾರ್ಜರ್‌ಗಳು ಸಾಮಾನ್ಯವಾಗಿ 120ಕ್ಕೆ ಮಾತ್ರ ಮಾಡಿದವು, ಇಲ್ಲಿ ಪ್ಲಗ್ ಹಾಕಿದ ಕೂಡಲೇ ಸುಟ್ಟುಹೋಗುತ್ತವೆ. ಚಾರ್ಜರ್ ಹಿಂಬದಿಯ ಚೀಟಿಯಲ್ಲಿ ಇನ್‌ಪುಟ್ 100ರಿಂದ 240 ಅಂತ ಇದ್ದರೆ ಮಾತ್ರ ತೊಂದರೆ ಇಲ್ಲ. ಅಲ್ಲಿಯ ಡಿವಾಲ್ಟ್ 20 ವೋಲ್ಟ್ ಮ್ಯಾಕ್ಸ್ ಬ್ಯಾಟರಿಯೂ ಬೇರೆ ದೇಶಗಳಲ್ಲಿ 18 ವೋಲ್ಟ್ ಎಕ್ಸ್‌ಆರ್ ಅಂತ ಮಾರುವುದೂ ಒಂದೇ, ಹಾಗಾಗಿ ಚಾರ್ಜರನ್ನು ಇಲ್ಲೇ ಕೊಳ್ಳಬಹುದು.

ವಿಮಾನದಲ್ಲಿ ಮೆಷಿನ್ ಮತ್ತು ಬ್ಲೇಡ್ ಚೆಕ್-ಇನ್ ಪೆಟ್ಟಿಗೆಗೆ. ಬಿಡಿ ಬ್ಯಾಟರಿ ಮಾತ್ರ ಕೈಚೀಲದಲ್ಲೇ ಇರಬೇಕು, ಅದರ ಲೋಹದ ಮೊನೆಗಳಿಗೆ ಟೇಪ್ ಸುತ್ತಿ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವಾಟ್ ಅವರ್ ಬರುತ್ತದೆ, 100ರ ಒಳಗಿದ್ದರೆ ತರಬಹುದು. 18 ಗುಣಿಸು 5 ಅಂದರೆ 90, ಅದು ಸರಿ. 100 ದಾಟಿ 160ರ ತನಕ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ಜಾಸ್ತಿ ಇದ್ದರೆ ತರುವ ಹಾಗಿಲ್ಲ. ಹೊರಡುವ ಮುಂಚೆ ನಿಮ್ಮ ವಿಮಾನ ಕಂಪನಿಗೆ ಒಂದು ಸಲ ಕೇಳಿಬಿಡಿ. ಅಲ್ಲಿ ಎಲ್ಲರೂ ಇದನ್ನು ಸಾಝಾಲ್ ಅಂತಾರಲ್ವಾ? ಅದು ಮಿಲ್ವಾಕಿ ಕಂಪನಿ 1951ರಲ್ಲಿ ತಂದ ಮೆಷಿನ್‌ನ ಹೆಸರು, ಈಗ ಯಾರು ಮಾಡಿದ್ದಕ್ಕೂ ಅದೇ ಹೆಸರು ನಿಂತಿದೆ. ಬ್ಲೇಡ್ ಮಾತ್ರ ಅಲ್ಲಿಂದಲೇ ಧಾರಾಳವಾಗಿ ತನ್ನಿ, ಹಗುರ, ಅಪ್ಪನಿಗೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಬಾಲ್ಕನಿ ಕುಂಡದ ಗಿಡ, ವರ್ಷಕ್ಕೊಮ್ಮೆ ಏನಾದರೂ ಒಂದು ಹಲಗೆ. ಯಾವ ಮಾಡೆಲ್ ಒಳ್ಳೆಯದು?
- ಓದುಗರು, ಬೆಂಗಳೂರು

ಉತ್ತರ: ಯಾವುದೂ ಬೇಡ. ಮಡಚುವ ಕೈಗರಗಸ ಒಂದು, ಹ್ಯಾಕ್ಸಾ ಒಂದು ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಮುಟ್ಟುವ ಬ್ಯಾಟರಿ ಕೂತಲ್ಲೇ ಹಾಳಾಗುತ್ತದೆ. ಹಲಗೆ ನೇರವಾಗಿ ಕೊಯ್ಯಲು ಈ ಗರಗಸ ಬರುವುದೂ ಇಲ್ಲ, ಅಂಚು ಒರಟಾಗಿ, ಸೊಟ್ಟಗೆ ಬರುತ್ತದೆ.

ಪ್ರಶ್ನೆ: ಮಳೆಗಾಲ ನಾಲ್ಕು ತಿಂಗಳು ಮೆಷಿನ್ ಮುಟ್ಟುವುದಿಲ್ಲ. ಬ್ಯಾಟರಿ ಹೇಗೆ ಇಡಬೇಕು?
- ಓದುಗರು, ಶಿರಸಿ

ಉತ್ತರ: ಬ್ಯಾಟರಿಯನ್ನು ಮೆಷಿನ್‌ನಿಂದ ತೆಗೆದಿಡಿ. ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಬೆಳಕಿನ ಗುರುತಿನಲ್ಲಿ ಅರ್ಧ ತೋರಿಸುವಷ್ಟು ಇರಲಿ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒಲೆಯಿಂದ ದೂರ, ತಂಪಾದ ಒಣ ಕಪಾಟಿನಲ್ಲಿಡಿ. ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ, ಇಳಿದಿದ್ದರೆ ಸ್ವಲ್ಪ ತುಂಬಿ. ಬ್ಲೇಡಿಗೆ ತೆಳುವಾಗಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ, ಶಿರಸಿ ಮಳೆಗೆ ತುಕ್ಕು ಹಿಡಿಯಲು ವಾರ ಸಾಕು.

ಪ್ರಶ್ನೆ: ಹಳೇ ಮನೆಯ ಬಾಗಿಲ ಚೌಕಟ್ಟು ಗೆದ್ದಲು ತಿಂದಿದೆ. ಗೋಡೆ ಒಡೆಯದೆ ಈ ಗರಗಸದಲ್ಲಿ ಕೊಯ್ದು ತೆಗೆಯಬಹುದೇ? ಸ್ನಾನದ ಮನೆಯ ಹಳೇ ಸಿಮೆಂಟ್ ಶೀಟನ್ನೂ ಅದರಲ್ಲೇ ಕೊಯ್ಯುವ ಯೋಚನೆ ಇದೆ.
- ಓದುಗರು, ತುಮಕೂರು

ಉತ್ತರ: ಚೌಕಟ್ಟಿಗೆ ಇದಕ್ಕಿಂತ ಒಳ್ಳೆ ಮೆಷಿನ್ ಇಲ್ಲ. 10 ಹಲ್ಲಿನ ಬೈ-ಮೆಟಲ್ ಬ್ಲೇಡನ್ನು ಮರ ಮತ್ತು ಗೋಡೆಯ ಸಂದಿಗೆ ಇಳಿಸಿ, ಚೌಕಟ್ಟನ್ನು ಗೋಡೆಗೆ ಹಿಡಿದಿಟ್ಟಿರುವ ಕಬ್ಬಿಣದ ಹಿಡಿಗಳನ್ನು ಒಂದೊಂದಾಗಿ ಕೊಯ್ಯುತ್ತಾ ಬಂದರೆ ಚೌಕಟ್ಟು ಕೈಗೆ ಬರುತ್ತದೆ. ಗಾರೆಗೆ ಬ್ಲೇಡ್ ತಾಗಿದರೆ ಹಲ್ಲು ಹೋಗುತ್ತದೆ, ಎರಡು ಬ್ಲೇಡ್ ಹೋದರೂ ಹೋಗಲಿ, ಗೋಡೆ ಉಳಿಯುತ್ತದೆ.

ಆದರೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ನಾನು ಇದೇ ಕೆಲಸ ಮಾಡುವಾಗ ಆ ಕೋಣೆಯ ಲೈಟ್ ಸ್ವಿಚ್ ಮಾತ್ರ ಆಫ್ ಮಾಡಿದ್ದೆ. ಚೌಕಟ್ಟಿನ ಹಿಂದೆ ಗಾರೆಯೊಳಗೆ ಪಕ್ಕದ ಕೋಣೆಗೆ ಹೋಗುವ ವೈರ್ ಇತ್ತು, ಹೊರಗೆ ಯಾವ ಗುರುತೂ ಇರಲಿಲ್ಲ. ಫಟ್ ಅಂತ ಒಂದು ಸದ್ದು, ನೀಲಿ ಬೆಳಕು, ಎಂಸಿಬಿ ಬಿದ್ದುಹೋಯಿತು. ಬ್ಲೇಡಿನ ಅಂಚಿನಲ್ಲಿ ಕಡಲೆ ಗಾತ್ರದ ತುಂಡು ಕರಗಿ ಹೋಗಿತ್ತು. ಗರಗಸದ ಹಿಡಿಕೆಯ ಪ್ಲಾಸ್ಟಿಕ್ ಅಡ್ಡ ಇದ್ದದ್ದಕ್ಕೆ ನಾನು ಈ ಉತ್ತರ ಬರೆಯುತ್ತಿದ್ದೇನೆ. ಬ್ಯಾಟರಿ ಮೆಷಿನ್ ಆದ್ದರಿಂದ ಕರೆಂಟ್ ಬೇಕಾಗಿಲ್ಲ, ಇಡೀ ಮನೆಯ ಮೇನ್ ತೆಗೆದರೂ ಕೆಲಸ ನಿಲ್ಲುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಮೇನ್ ಹೋದ ಕೂಡಲೇ ಅದು ತಾನೇ ಕರೆಂಟ್ ಕೊಡಲು ಶುರು ಮಾಡುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ.

ಸಿಮೆಂಟ್ ಶೀಟ್ ಮಾತ್ರ ಕೊಯ್ಯಬೇಡಿ. ಹಳೇ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರುತ್ತದೆ. ಶೀಟನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಬೋಲ್ಟ್ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿ. ಬೋಲ್ಟ್ ತುಕ್ಕು ಹಿಡಿದು ತಿರುಗದಿದ್ದರೆ ಶೀಟಿನ ಕೆಳಗಿನಿಂದ ಬೋಲ್ಟನ್ನು ಮಾತ್ರ 18 ಹಲ್ಲಿನ ಬ್ಲೇಡಿನಲ್ಲಿ ನಿಧಾನವಾಗಿ ಕೊಯ್ಯಿರಿ. ಮುಖಕ್ಕೆ ಪಿ100 ಮಾಸ್ಕ್ ಇರಲಿ, ಆಸ್ಬೆಸ್ಟಾಸ್ ಧೂಳಿಗೆ ಎನ್95 ಸಾಲದು, ಮಕ್ಕಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿ.